ಪದೇ ಪದೇ ಗರ್ಭಪಾತ: ಐವಿಎಫ್‌ಗೆ ಸಾಲ ಮಾಡೋ ಮುಂಚೆ ಚಳ್ಳಕೆರೆ, ಮೊಳಕಾಲ್ಮೂರು ಮಂದಿ ತಿಳಿಯಬೇಕಾದ್ದು

ಚಳ್ಳಕೆರೆ/ಮೊಳಕಾಲ್ಮೂರು: ಫರ್ಟಿಲಿಟಿ ಸೆಂಟರ್‌ಗಳ ಜಾಹೀರಾತು ಈಗ ದೊಡ್ಡ ನಗರಕ್ಕೆ ಮಾತ್ರ ಸೀಮಿತ ಅಲ್ಲ. ಮೊಬೈಲ್ ತೆಗೆದರೆ ಸಾಕು, "ಮಕ್ಕಳಾಗಿಲ್ವಾ? ಇಂದೇ ಕರೆ ಮಾಡಿ" ಅಂತ ಬರುತ್ತೆ. ಶೇಂಗಾ ಕೈಕೊಟ್ಟ ವರ್ಷದಲ್ಲೂ ಒಡವೆ ಅಡ ಇಟ್ಟು ಈ ಚಿಕಿತ್ಸೆಗೆ ಹೊರಡೋ ಯೋಚನೆ ಮಾಡುವ ಕುಟುಂಬಗಳಿವೆ. ಆದರೆ ಹೊರಡುವ ಮುಂಚೆ ಒಂದು ವ್ಯತ್ಯಾಸ ಗೊತ್ತಿರಬೇಕು. ಬಸಿರೇ ಆಗದಿರುವುದು ಬೇರೆ, ಬಸಿರಾಗಿ ನಿಲ್ಲದಿರುವುದು ಬೇರೆ. ಐವಿಎಫ್ ಮುಖ್ಯವಾಗಿ ಮೊದಲನೇ ಸಮಸ್ಯೆಗೆ ಇರುವ ಚಿಕಿತ್ಸೆ. ಎರಡನೇ ಸಮಸ್ಯೆ ಇದ್ದವರಿಗೆ ಮೊದಲು ಬೇಕಾದ್ದು ತಪಾಸಣೆ.

ಎಷ್ಟು ಜನಕ್ಕೆ ಹೀಗಾಗುತ್ತೆ?

ಗೊತ್ತಾದ ಗರ್ಭಗಳಲ್ಲಿ ಸುಮಾರು ಶೇ 15ರಷ್ಟು ನಿಲ್ಲೋದಿಲ್ಲ. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 2.3 ಕೋಟಿ ಗರ್ಭಪಾತ ಆಗುತ್ತವೆ ಎಂದು 2021ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆ ಅಂದಾಜು ಕೊಟ್ಟಿತ್ತು. ಮೂರು ಅಥವಾ ಅದಕ್ಕಿಂತ ಹೆಚ್ಚು ಸಲ ಹೀಗಾಗುವುದು ನೂರಕ್ಕೆ ಒಬ್ಬ ಮಹಿಳೆಗೆ. ಅಂದರೆ ನಮ್ಮ ಎರಡು ತಾಲೂಕಿನ ಯಾವ ಊರೂ ಇದಕ್ಕೆ ಹೊರತಲ್ಲ. ಯಾರೂ ಬಾಯಿಬಿಟ್ಟು ಹೇಳಲ್ಲ, ಅಷ್ಟೇ.

ತಪ್ಪು ಯಾರದ್ದು?

ನಮ್ಮ ಕಡೆ ಮೊದಲು ಬೆರಳು ತೋರೋದು ಸೊಸೆ ಕಡೆಗೆ. ಕೊಡ ಎತ್ತಿದಳು, ಬೈಕಿನಲ್ಲಿ ಓಡಾಡಿದಳು, ಪಪ್ಪಾಯ ತಿಂದಳು ಅನ್ನೋ ಮಾತು ಬರುತ್ತೆ. ವೈದ್ಯಕೀಯ ಲೆಕ್ಕ ಬೇರೆ ಹೇಳುತ್ತೆ. ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ಕ್ರೋಮೋಸೋಮ್ ಏರುಪೇರು ಕಾರಣ. ಅದು ಗರ್ಭ ಕಟ್ಟುವ ಹೊತ್ತಿಗೇ ಆಗಿಹೋಗಿರುತ್ತೆ, ಆಮೇಲೆ ತಾಯಿ ಏನು ಮಾಡಿದರೂ ಬದಲಾಗೋದಿಲ್ಲ.

ಪದೇ ಪದೇ ಆಗುತ್ತಿದ್ದರೆ ಹುಡುಕಬೇಕಾದ ಕಾರಣಗಳು ಬೇರೆ ಇವೆ. ಥೈರಾಯ್ಡ್ ತೊಂದರೆ, ಹತೋಟಿಗೆ ಬಾರದ ಶುಗರ್, ಗರ್ಭಕೋಶದ ಒಳಗೆ ಅಡ್ಡಗೋಡೆಯಂಥ ಪೊರೆ, ರಕ್ತ ಹೆಪ್ಪುಗಟ್ಟಿಸುವ 'ಆಂಟಿಫಾಸ್ಫೋಲಿಪಿಡ್' ಎಂಬ ತೊಂದರೆ, ಗಂಡ ಅಥವಾ ಹೆಂಡತಿಯ ಕ್ರೋಮೋಸೋಮಿನಲ್ಲಿ ಇರಬಹುದಾದ ಅದಲು ಬದಲು. ಈ ಕೊನೆಯದು ಗಂಡನ ಕಡೆಯಿಂದಲೂ ಬರಬಹುದು. ಹಾಗಾಗಿ ಪರೀಕ್ಷೆಗೆ ಇಬ್ಬರೂ ಹೋಗಬೇಕು. ವಯಸ್ಸೂ ಲೆಕ್ಕಕ್ಕೆ ಬರುತ್ತೆ. 35 ದಾಟಿದ ಮೇಲೆ ಅಪಾಯ ಏರುತ್ತಾ ಹೋಗುತ್ತೆ. ಬೀಡಿ, ಸಿಗರೇಟು, ಹೊಗೆಸೊಪ್ಪು ಬಿಡೋದು ಇಬ್ಬರಿಗೂ ಒಳ್ಳೇದು.

ರಾಜ್ಯದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ರಕ್ತಸಂಬಂಧದಲ್ಲೇ ಆಗುತ್ತೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತೆ. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾಗಿದ್ದರೆ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ. ವಂಶದಲ್ಲಿ ಬರುವ ಕಾಯಿಲೆ ಹುಡುಕಲು ಆ ಮಾಹಿತಿ ಬೇಕು.

ಕಡಿಮೆ ಖರ್ಚಿನ ದಾರಿ ಮೊದಲು

ಎರಡು ಸಲ ಗರ್ಭ ಹೋಗಿದ್ದರೆ ತಪಾಸಣೆ ಶುರು ಮಾಡಬೇಕು ಅನ್ನೋದು ಈಗ ಹಲವು ವೈದ್ಯಕೀಯ ಸಂಘಗಳ ಸಲಹೆ. ಮೂರನೇದಕ್ಕೆ ಕಾಯಬೇಕಿಲ್ಲ. ಶುಗರ್, ಥೈರಾಯ್ಡ್, ಸ್ಕ್ಯಾನಿಂಗ್ ಮೊದಲ ಹಂತ. ಆಂಟಿಫಾಸ್ಫೋಲಿಪಿಡ್ ರಕ್ತಪರೀಕ್ಷೆ ಒಂದೇ ಸಲಕ್ಕೆ ಮುಗಿಯಲ್ಲ, 12 ವಾರ ಬಿಟ್ಟು ಮತ್ತೆ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. ಆ ತೊಂದರೆ ಇದ್ದರೆ ಡಾಕ್ಟರ್ ನಿಗಾದಲ್ಲಿ ಕಡಿಮೆ ಪ್ರಮಾಣದ ಆಸ್ಪಿರಿನ್ ಮತ್ತು ಹೆಪಾರಿನ್ ಇಂಜೆಕ್ಷನ್ ಕೊಡುತ್ತಾರೆ. ಥೈರಾಯ್ಡ್‌ಗೆ ದಿನಕ್ಕೊಂದು ಮಾತ್ರೆ. ಇವೆಲ್ಲ ಐವಿಎಫ್ ಖರ್ಚಿನ ಮುಂದೆ ತುಂಬಾ ಕಡಿಮೆ. ಆದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ವಂತವಾಗಿ ತಗೊಳ್ಳುವ ಔಷಧಿ ಇವಲ್ಲ.

ಸುಮಾರು ಅರ್ಧದಷ್ಟು ಜೋಡಿಗಳಲ್ಲಿ ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಗಲ್ಲ. ಕೇಳೋಕೆ ಬೇಸರ ಅನಿಸಿದರೂ ಇದು ಕೆಟ್ಟ ಸುದ್ದಿ ಅಲ್ಲ. ಅಂಥವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮುಂದೆ ಯಾವ ದೊಡ್ಡ ಚಿಕಿತ್ಸೆಯೂ ಇಲ್ಲದೆ ಮಗು ಆಗುತ್ತೆ.

ನಾಯಕನಹಟ್ಟಿ ತಿಪ್ಪೇಸ್ವಾಮಿಗೆ ಹರಕೆ ಹೊರುವವರು ಹೊರಲಿ, ಅದು ಅವರ ನಂಬಿಕೆ, ಮನಸ್ಸಿಗೆ ಬಲ. ಹರಕೆ ಇದೆ ಅಂತ ಪರೀಕ್ಷೆ ಮುಂದೂಡೋದು ಬೇಡ.

ಐವಿಎಫ್ ಬೇಕೇ ಬೇಕು ಅಂದರೆ

ಗರ್ಭನಾಳ ಮುಚ್ಚಿದ್ದರೆ, ಗಂಡನ ವೀರ್ಯಾಣು ತೀರಾ ಕಡಿಮೆ ಇದ್ದರೆ ಐವಿಎಫ್ ಸಲಹೆ ಬರುತ್ತೆ. ಆಗ ತಿಳಿದಿರಬೇಕಾದ್ದು: ಒಂದು ಸೈಕಲ್‌ಗೆ ಖಾಸಗಿಯಲ್ಲಿ ಲಕ್ಷದ ಮೇಲೆ ಖರ್ಚು. 35ರೊಳಗಿನವರಲ್ಲೂ ಪ್ರತಿ ಸೈಕಲ್ ಗೆಲ್ಲುವುದು ಸರಿಸುಮಾರು ಮೂರರಲ್ಲಿ ಒಂದು. ವಯಸ್ಸಾದಂತೆ ಅದೂ ಇಳಿಯುತ್ತೆ. ಆಯುಷ್ಮಾನ್ ಕಾರ್ಡಿನಲ್ಲಿ ಐವಿಎಫ್ ಬರೋದಿಲ್ಲ.

2021ರ ಎಆರ್‌ಟಿ ಕಾಯ್ದೆ 2022ರ ಜನವರಿಯಿಂದ ಜಾರಿಯಲ್ಲಿದೆ. ಅದರ ಪ್ರಕಾರ ಸೆಂಟರ್ ನೋಂದಣಿ ಆಗಿರಲೇಬೇಕು. ಖರ್ಚು, ಅಪಾಯ, ಯಶಸ್ಸಿನ ಸಾಧ್ಯತೆ ಮೂರನ್ನೂ ಮೊದಲೇ ತಿಳಿಸಬೇಕು. ದಂಪತಿಯ ಲಿಖಿತ ಒಪ್ಪಿಗೆ ಪಡೆಯಬೇಕು. ಮಹಿಳೆಗೆ 21ರಿಂದ 50, ಪುರುಷರಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ಗಂಡು ಮಗುವೇ ಮಾಡಿಕೊಡ್ತೀವಿ ಅನ್ನೋದು ಅಪರಾಧ. ನೋಂದಣಿ ಪತ್ರ ತೋರಿಸಿ ಅಂತ ಕೇಳೋಕೆ ಸಂಕೋಚ ಬೇಡ. ಅಂಗಡಿಗೆ ಮಾಲು ತರಿಸುವಾಗ ಬಿಲ್ ಕೇಳೋರು ನಾವು, ಇಲ್ಲಿ ಯಾಕೆ ಸುಮ್ಮನಿರಬೇಕು?

ಅಂಗಡಿ, ಮಿಲ್ ಮಾಲೀಕರ ಗಮನಕ್ಕೆ

ಗರ್ಭಪಾತವಾದ ಮಹಿಳೆಗೆ ಆರು ವಾರ ಸಂಬಳ ಸಹಿತ ರಜೆ ಅನ್ನೋದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲೇ ಇತ್ತು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಮುಂದುವರಿದಿದೆ. ಹತ್ತು ಅಥವಾ ಹೆಚ್ಚು ಜನ ಕೆಲಸಕ್ಕಿರುವ ಅಂಗಡಿ, ಎಣ್ಣೆ ಮಿಲ್‌ಗಳಿಗೆ ಇದು ಅನ್ವಯ. ವೈದ್ಯರ ದಾಖಲೆ ಕೊಟ್ಟರೆ ಸಾಕು. ಇಎಸ್‌ಐ ಇದ್ದವರಿಗೆ ಆ ಹಣ ಇಎಸ್‌ಐನಿಂದಲೇ ಬರುತ್ತೆ, ಮಾಲೀಕರ ಕೈಯಿಂದ ಹೋಗಲ್ಲ.

ಮೊಳಕಾಲ್ಮೂರಿನಲ್ಲಿ ಮನೆ ಮಗ್ಗದ ಮೇಲೆ ರೇಷ್ಮೆ ಸೀರೆ ನೇಯುವ ಹೆಣ್ಣುಮಕ್ಕಳಿಗೆ ಈ ರಜೆ ಸಿಗೋದಿಲ್ಲ. ಮಗ್ಗ ನಿಂತರೆ ಕೂಲಿ ನಿಲ್ಲುತ್ತೆ. ಸೀರೆಗೆ 2011ರಲ್ಲಿ ಜಿಐ ಮಾನ್ಯತೆ ಬಂತು, ನೇಯುವ ಕೈಗೆ ಆರು ವಾರದ ವಿಶ್ರಾಂತಿ ಇನ್ನೂ ಬಂದಿಲ್ಲ.

ವ್ಯವಸ್ಥೆಯಲ್ಲಿ ಬಿಟ್ಟುಹೋದ ಕೊಂಡಿ

ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಮಾತೃತ್ವ ಅಭಿಯಾನದ ತಪಾಸಣೆ ಇರೋದು ನಾಲ್ಕನೇ ತಿಂಗಳಿಂದ ಆಚೆಗಿನ ಗರ್ಭಿಣಿಯರಿಗೆ. ಎರಡನೇ, ಮೂರನೇ ತಿಂಗಳಲ್ಲೇ ಗರ್ಭ ಕಳೆದುಕೊಂಡವಳು ಅಲ್ಲಿಗೆ ತಲುಪೋದೇ ಇಲ್ಲ. ತಾಯಿ ಕಾರ್ಡಿನಲ್ಲಿ ಹಿಂದಿನ ಗರ್ಭಪಾತ ಬರೆಯುತ್ತಾರೆ, ಅದೂ ಮತ್ತೆ ಬಸಿರಾದ ಮೇಲೆ. ಎರಡು ಬಸಿರಿನ ನಡುವೆ, ನಿಜವಾಗಿ ತಪಾಸಣೆ ಬೇಕಾದ ಹೊತ್ತಿನಲ್ಲಿ, ಆಕೆ ಯಾವ ಪಟ್ಟಿಯಲ್ಲೂ ಇರಲ್ಲ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಎರಡು ಸಲ ಗರ್ಭಪಾತ ಆದವರನ್ನು ಆಶಾ ಕಾರ್ಯಕರ್ತೆಯರು ಗುರುತಿಸಿ, ತಾಲೂಕು ಆಸ್ಪತ್ರೆಯಲ್ಲಿ ತಿಂಗಳಿಗೊಂದು ದಿನ ಗಂಡ ಹೆಂಡತಿ ಇಬ್ಬರನ್ನೂ ನೋಡುವ ಏರ್ಪಾಡು ಆದರೆ ಸಾಕು. ಅಲ್ಲಿಂದ ಚಳ್ಳಕೆರೆಯವರನ್ನು ಚಿತ್ರದುರ್ಗಕ್ಕೆ, ಮೊಳಕಾಲ್ಮೂರಿನವರನ್ನು ಹತ್ತಿರದ ಬಳ್ಳಾರಿಗೆ ಕಳಿಸಬಹುದು. ಐವಿಎಫ್ ವಿಚಾರದಲ್ಲೂ ದಾರಿ ಇದೆ. ಗೋವಾ ಸರ್ಕಾರ 2023ರಲ್ಲಿ ತನ್ನ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಶುರು ಮಾಡಿತು. ಅದೇ ವರ್ಷ ಹೈದರಾಬಾದಿನ ಗಾಂಧಿ ಆಸ್ಪತ್ರೆಯಲ್ಲೂ ಕೇಂದ್ರ ತೆರೆಯಿತು. ನಮ್ಮ ಜನಪ್ರತಿನಿಧಿಗಳು ಈ ಪ್ರಶ್ನೆಯನ್ನು ವಿಧಾನಸಭೆಯಲ್ಲಿ ಎತ್ತಲಿ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದ್ದು ಇಷ್ಟು: ಹಳೇ ಸ್ಕ್ಯಾನಿಂಗ್, ರಕ್ತಪರೀಕ್ಷೆ ಚೀಟಿ ಎಲ್ಲ ಒಂದು ಫೈಲಿನಲ್ಲಿಡಿ. ಆಸ್ಪತ್ರೆಗೆ ಗಂಡನೂ ಹೋಗಲಿ. ಮಾತೃವಂದನಾ ಅರ್ಜಿ ಹಾಕಿದ ಮೇಲೆ ಗರ್ಭಪಾತ ಆಗಿದ್ದರೆ, ಮುಂದಿನ ಬಸಿರಿಗೆ ಹೊಸ ಫಲಾನುಭವಿಯಾಗಿ ಮತ್ತೆ ಅರ್ಜಿ ಹಾಕಬಹುದು, ಅಂಗನವಾಡಿಯಲ್ಲಿ ಕೇಳಿ. ಮದುವೆ ಮನೆಯಲ್ಲೋ ಸಂತೆಯಲ್ಲೋ ಸಿಕ್ಕಾಗ "ಏನಮ್ಮ, ಇನ್ನೂ ವಿಶೇಷ ಇಲ್ವಾ?" ಅನ್ನೋ ಪ್ರಶ್ನೆ ಕೇಳೋದನ್ನ ನಾವೆಲ್ಲ ಬಿಡಬೇಕು.