ಕಾರ್ಗೋ ವಿಮಾನದ ಆಸೆ: ಡೆಕ್ಕನ್ 360 ಹೇಳುವ ಲೆಕ್ಕ

ಸೋಲಾಪುರ: ಹೋಟಗಿ ರಸ್ತೆಯ ವಿಮಾನ ನಿಲ್ದಾಣದಿಂದ 2025ರ ಜೂನ್ 9ರಂದು ಗೋವಾ ವಿಮಾನಸೇವೆ ಶುರುವಾದ ಮೇಲೆ ಅಕ್ಕಲಕೋಟ, ದಕ್ಷಿಣ ಸೋಲಾಪುರ, ಜತ್ತ ಭಾಗದ ಚಹಾದಂಗಡಿಗಳಲ್ಲಿ ಹೊಸ ಮಾತೊಂದು ಹುಟ್ಟಿದೆ. "ಮಂದಿ ಹೋಗೋ ವಿಮಾನ ಬಂತು. ಇನ್ನ ಮಾಲಿನ ವಿಮಾನ ಒಂದು ಬಂದ್ರ ನಮ್ಮ ದಾಳಿಂಬ್ರಿ ಸೀದಾ ದುಬೈಗೆ ಹೋಗತೈತಿ ನೋಡ್ರಿ" ಎನ್ನುವ ರೈತರಿದ್ದಾರೆ. ಈ ಆಸೆಗೆ ಮುಂದಾಳುಗಳೂ ನೀರೆರೆಯುತ್ತಾರೆ.

ಆಸೆ ತಪ್ಪಲ್ಲ. ಆದರೆ ಆಸೆಗೂ ಖರ್ಚು-ಜಮಾ ಎಂಬುದೊಂದು ಇರುತ್ತದೆ. ಆ ಲೆಕ್ಕ ತಿಳಿಯಬೇಕಾದರೆ ದೂರ ಹೋಗಬೇಕಿಲ್ಲ. ಕನ್ನಡಿಗರೊಬ್ಬರು ಕಟ್ಟಿ, ಮಹಾರಾಷ್ಟ್ರದ ನೆಲದಿಂದ ಹಾರಿಸಿ, ಎರಡೇ ವರ್ಷದಲ್ಲಿ ನಿಲ್ಲಿಸಬೇಕಾಗಿ ಬಂದ ಸಣ್ಣ ಕಾರ್ಗೋ ಕಂಪನಿ 'ಡೆಕ್ಕನ್ 360'ರ ಕಥೆ ನೋಡಿದರೆ ಸಾಕು.

ನಾಗಪುರದಿಂದ ಹಾರಿದ ಕನಸು

ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಸೇನೆಯಿಂದ ಬಂದು ರೇಷ್ಮೆ ಬೆಳೆದವರು. ಹೆಲಿಕಾಪ್ಟರ್ ಕಂಪನಿ ನಡೆಸಿದವರು. 2003ರಲ್ಲಿ ಏರ್ ಡೆಕ್ಕನ್ ಶುರುಮಾಡಿ ಸಾಮಾನ್ಯ ಜನರನ್ನು ವಿಮಾನ ಹತ್ತಿಸಿದವರು. ಆ ಕಂಪನಿ ಕಿಂಗ್‌ಫಿಶರ್ ಪಾಲಾದ ಮೇಲೆ ಅವರು ಸುಮ್ಮನೆ ಕೂರಲಿಲ್ಲ. 2009ರಲ್ಲಿ ಸಾಮಾನು ಸಾಗಿಸಲೆಂದೇ ಡೆಕ್ಕನ್ 360 ಕಟ್ಟಿದರು.

ಉಪಾಯ ಚೊಲೋ ಇತ್ತು. ದೇಶದ ನಟ್ಟನಡುವೆ ಇರುವ ನಾಗಪುರವೇ ಕೇಂದ್ರ. ಸಂಜೆ ಊರೂರಿನಲ್ಲಿ ಪಾರ್ಸಲ್ ಎತ್ತುವುದು, ರಾತ್ರಿ ಎಲ್ಲ ವಿಮಾನಗಳೂ ನಾಗಪುರಕ್ಕೆ ಬಂದು ಸೇರುವುದು, ಅಲ್ಲಿ ಊರುವಾರು ವಿಂಗಡಿಸಿ ಮತ್ತೆ ವಿಮಾನಕ್ಕೆ ಹೇರುವುದು, ಬೆಳಗಾಗುವಷ್ಟರಲ್ಲಿ ಮಾಲು ಆಯಾ ಊರು ಮುಟ್ಟುವುದು. ಮುಂದಿನ ದಾರಿಗೆ ಟ್ರಕ್ಕುಗಳು. ಅಮೆರಿಕದಲ್ಲಿ ಫೆಡೆಕ್ಸ್ ಕಂಪನಿ ಮೆಂಫಿಸ್ ಊರಿನಿಂದ 1973ರಲ್ಲಿ ಶುರುಮಾಡಿ ಗೆದ್ದ ಪದ್ಧತಿಯೇ ಇದು. ದೊಡ್ಡ ಊರುಗಳಿಗೆ ಏರ್‌ಬಸ್ ಎ-310, ಸಣ್ಣ ಊರುಗಳಿಗೆ ಎಟಿಆರ್ ಎಂದು ಯೋಜನೆಯಾಯಿತು. 2010ರಲ್ಲಿ ರಿಲಯನ್ಸ್ ಕೂಡ ಹಣ ಹಾಕಿತು.

ಆದರೂ 2011ರಲ್ಲಿ ಹಾರಾಟ ನಿಂತಿತು. ಬಾಕಿ ಬರಬೇಕಾದವರು ಕೋರ್ಟಿಗೆ ಹೋದರು. 2013ರಲ್ಲಿ ಕಂಪನಿ ಮುಚ್ಚುವಂತೆ ಕರ್ನಾಟಕ ಹೈಕೋರ್ಟ್ ಆದೇಶಿಸಿತು.

ತಪ್ಪಿದ್ದೆಲ್ಲಿ?

ಗೋಪಿನಾಥರಿಗೆ ಧೈರ್ಯ ಕಡಿಮೆ ಇರಲಿಲ್ಲ, ಹೆಸರೂ ಇತ್ತು. ಹಾಗಿದ್ದರೂ ಹೀಗೇಕಾಯಿತು?

ಎ-310 ಹೊರುವುದು 35 ಟನ್ನಿಗೂ ಹೆಚ್ಚು. ಅಷ್ಟು ಮಾಲು ಒಂದು ದಿನ ಸಿಕ್ಕರೆ ಸಾಲದು, ದಿನಾಲೂ ಸಿಗಬೇಕು. ಹೋಗುವಾಗ ತುಂಬಿ ಬರುವಾಗ ಖಾಲಿಯಾದರೂ ಇಂಧನ, ಪೈಲಟ್ ಪಗಾರ, ವಿಮಾನದ ಬಾಡಿಗೆ, ಲ್ಯಾಂಡಿಂಗ್ ಫೀ ಒಂದೂ ಬಿಡುವುದಿಲ್ಲ. ಟ್ರಕ್ ಮಾಲಕ ರಿಟರ್ನ್ ಲೋಡ್ ಸಿಗದಿದ್ದರೆ ಎರಡು ದಿನ ಕಾಯಬಹುದು. ವಿಮಾನ ಕಾಯುವಂತಿಲ್ಲ. ವಿಮಾನದ ಇಂಧನವಂತೂ 2017ರಲ್ಲಿ ಜಿಎಸ್‌ಟಿ ಬಂದ ಮೇಲೂ ಅದರ ಹೊರಗೇ ಉಳಿದು, ರಾಜ್ಯಕ್ಕೊಂದು ವ್ಯಾಟ್ ಕಟ್ಟಿಸಿಕೊಳ್ಳುತ್ತಿದೆ.

ಇನ್ನೊಂದು ಸ್ಪರ್ಧೆ ನಮ್ಮ ಕಣ್ಣ ಮುಂದೆಯೇ ಇದೆ. ಪ್ರಯಾಣಿಕರ ವಿಮಾನಗಳು ಜನರ ಸೀಟಿನ ಕೆಳಗೆ ಮಾಲನ್ನೂ ಒಯ್ಯುತ್ತವೆ. ಟಿಕೆಟ್ ಹಣದಲ್ಲೇ ವಿಮಾನದ ಖರ್ಚು ಹುಟ್ಟುವುದರಿಂದ ಮಾಲಿನ ದರ ಇಳಿಸಲು ಅವರಿಗೆ ಆಗುತ್ತದೆ. ಮಾಲನ್ನೇ ನಂಬಿದವನಿಗೆ ಆಗುವುದಿಲ್ಲ. ನೆಲದ ಮೇಲೆ ಹೆದ್ದಾರಿ ಸುಧಾರಿಸಿದಷ್ಟೂ ಟ್ರಕ್ಕೇ ಸೋವಿ.

ಹಾಗಾದರೆ ಗೆದ್ದವರು ಯಾರೂ ಇಲ್ಲವೇ? ಇದ್ದಾರೆ. ಬ್ಲೂ ಡಾರ್ಟ್ 1983ರಲ್ಲಿ ಮುಂಬೈಯಲ್ಲಿ ಕೊರಿಯರ್ ಕಂಪನಿಯಾಗಿ ಹುಟ್ಟಿತು. ಅದರ ಸ್ವಂತ ಮಾಲಿನ ವಿಮಾನ ಹಾರಿದ್ದು 1996ರಲ್ಲಿ. ಅಂದರೆ 13 ವರ್ಷ ನೆಲದ ಮೇಲೆ ಗಿರಾಕಿ ಗಳಿಸಿ, ದಿನಾಲೂ ತುಂಬುವಷ್ಟು ಪಾರ್ಸಲ್ ಕೈಯಲ್ಲಿ ಇಟ್ಟುಕೊಂಡು ಆಮೇಲೆ ವಿಮಾನ ತಂದರು. ಡೆಕ್ಕನ್ 360 ವಿಮಾನವನ್ನೂ ಗಿರಾಕಿಯನ್ನೂ ಒಟ್ಟಿಗೇ ಹುಡುಕಲು ಹೊರಟಿತು. ಅಷ್ಟೇ ವ್ಯತ್ಯಾಸ. ಅದು ಸಣ್ಣ ವ್ಯತ್ಯಾಸವೇನಲ್ಲ.

ನಮ್ಮ ದಾಳಿಂಬೆಯ ದಾರಿ

ಈಗ ಗಡಿಭಾಗಕ್ಕೆ ಬರೋಣ. ಸೋಲಾಪುರದ ದಾಳಿಂಬೆಗೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ. ಕೇಗಾಂವದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ಈ ಹಣ್ಣು ಹೊರಗೆ ಹೋಗುತ್ತಿಲ್ಲವೇ? ಹೋಗುತ್ತಿದೆ. 2024ರ ಡಿಸೆಂಬರ್‌ನಲ್ಲಿ ಸೋಲಾಪುರ ಭಾಗದ ದಾಳಿಂಬೆ ಆಸ್ಟ್ರೇಲಿಯಾಕ್ಕೆ ಹಡಗಿನಲ್ಲಿ ಹೊರಟಿತು. ಅಮೆರಿಕಕ್ಕೆ 2023ರಲ್ಲಿ ಪರೀಕ್ಷೆಗೆಂದು ವಿಮಾನದಲ್ಲಿ ಕಳಿಸಿದ ಭಗವಾ ತಳಿಯ ದಾಳಿಂಬೆಯನ್ನು 2025ರಲ್ಲಿ ಹಡಗಿನಲ್ಲೇ ಮುಟ್ಟಿಸಲಾಯಿತು. ಸರಿಯಾಗಿ ತಂಪಿನಲ್ಲಿಟ್ಟರೆ ವಾರಗಟ್ಟಲೆ ತಾಳುವ ಹಣ್ಣಿಗೆ ವಿಮಾನದ ಬಾಡಿಗೆ ಯಾಕೆ? ಸೋಲಾಪುರದ ಚಾದರ, ಟವೆಲ್‌ಗಂತೂ ಅಷ್ಟು ಅವಸರವೇ ಇಲ್ಲ.

ಹೊಲದಿಂದ ಕಿತ್ತ ಹಣ್ಣನ್ನು ಆ ದಿನವೇ ತಂಪು ಮಾಡುವ ಕೋಣೆ, ಗ್ರೇಡಿಂಗ್ ಮಾಡಿ ಡಬ್ಬಿ ತುಂಬುವ ಪ್ಯಾಕ್‌ಹೌಸ್, ತಂಪಿನ ಟ್ರಕ್ ಇವು ಊರ ಹತ್ತಿರ ಸಿಗಬೇಕು. ಇವಿಲ್ಲದೆ ವಿಮಾನ ಬಂದು ನಿಂತರೂ ಬಿಸಿಲಿಗೆ ಬಾಡಿದ ಮಾಲನ್ನೇ ಏರಿಸಬೇಕಾಗುತ್ತದೆ. ಪುಣೆ ಸುಮಾರು 250 ಕಿಲೋಮೀಟರ್, ಹೈದರಾಬಾದ್ ಸುಮಾರು 300. ರಾತ್ರಿ ಹೊರಟ ತಂಪಿನ ಟ್ರಕ್ ಬೆಳಗ್ಗೆ ಎರಡರಲ್ಲಿ ಯಾವ ಊರನ್ನಾದರೂ ಮುಟ್ಟುತ್ತದೆ. ನಿಜವಾಗಿಯೂ ವಿಮಾನ ಬೇಕಾದ ಮಾಲು ಅಲ್ಲಿಂದ ಹೋಗಲಿ. 2020ರ ಡಿಸೆಂಬರ್ 28ರಂದು ದೇಶದ ನೂರನೇ ಕಿಸಾನ್ ರೈಲು ನಮ್ಮ ಸಾಂಗೋಲದಿಂದಲೇ ಬಂಗಾಲಕ್ಕೆ ಹೊರಟಿತ್ತು. ಆಗ ಹಣ್ಣು, ತರಕಾರಿಯ ಬಾಡಿಗೆಯಲ್ಲಿ ಅರ್ಧ ಸರಕಾರವೇ ಭರಿಸುತ್ತಿತ್ತು. ರೈತರ ಕೈಗೆ ತಟ್ಟುವ ಸವಲತ್ತು ಎಂದರೆ ಅಂಥದ್ದು. ಅದನ್ನು ಕೇಳುವುದು ಬಿಟ್ಟು ಆಕಾಶ ನೋಡಿದರೆ ಹೇಗೆ?

ವಿಮಾನ ಬೇಡವೆಂಬುದು ಇದರ ಅರ್ಥವಲ್ಲ. ಈಗ ಬರುವ ಎಟಿಆರ್ ವಿಮಾನದ ಸಾಮಾನಿನ ಖೋಲಿಯಲ್ಲಿ ಔಷಧ, ಯಂತ್ರದ ಬಿಡಿಭಾಗ, ಸ್ಯಾಂಪಲ್ ಪೆಟ್ಟಿಗೆಯಂಥ ಹಗುರ ಮಾಲಿಗೆ ಜಾಗ ಕೇಳಬಹುದು. ನಾಲ್ಕು ವರ್ಷ ಅದು ತುಂಬಿದರೆ ಆ ಅಂಕಿಸಂಖ್ಯೆಯೇ ಕಾರ್ಗೋ ಕಂಪನಿಯನ್ನು ಕರೆಯುತ್ತದೆ. ಭಾಷಣದಿಂದ ಕಂಪನಿ ಬರುವುದಿಲ್ಲ.

ವಿಮಾನದ ಮಾತಿಗೆ ಈ ಭಾಗ ಈಗಾಗಲೇ ಬೆಲೆ ತೆತ್ತಿದೆ. ಬೋರಾಮಣಿಯಲ್ಲಿ ಅಂತರರಾಷ್ಟ್ರೀಯ ನಿಲ್ದಾಣವಾಗುತ್ತದೆಂದು ಜಮೀನು ಕೊಟ್ಟವರು ವರ್ಷಗಟ್ಟಲೆ ಕಾದರು. ಹೋಟಗಿ ರಸ್ತೆಯ ನಿಲ್ದಾಣಕ್ಕಾಗಿ 2023ರ ಜೂನ್ 15ರಂದು ಸಿದ್ಧೇಶ್ವರ ಸಕ್ಕರೆ ಕಾರ್ಖಾನೆಯ ಚಿಮಣಿ ನೆಲಕ್ಕುರುಳಿದಾಗ ಕಬ್ಬಿನ ರೈತರ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟೆಲ್ಲ ಕೊಟ್ಟ ರೈತನಿಗೆ ಇನ್ನೊಂದು ಆಶ್ವಾಸನೆ ಕೊಡುವ ಮೊದಲು ತಾಲೂಕಿಗೊಂದು ತಂಪಿನ ಕೋಣೆ ಕೊಡಲಿ.

ಮುಂದಿನ ಸಲ ಯಾರಾದರೂ ವೇದಿಕೆ ಹತ್ತಿ ಕಾರ್ಗೋ ವಿಮಾನ ತರುತ್ತೇವೆ ಎಂದರೆ ಗಡಿನಾಡಿನ ರೈತರು ಚಪ್ಪಾಳೆ ತಟ್ಟುವ ಮೊದಲು ಒಂದೇ ಪ್ರಶ್ನೆ ಕೇಳಬೇಕು: "ಸಾಹೇಬ್ರ, ಹೋಗುವಾಗ ನಮ್ಮ ದಾಳಿಂಬ್ರಿ ತುಂಬತೀರಿ, ಖರೆ. ಬರುವಾಗ ಏನ್ ತುಂಬತೀರಿ?"