ಮೇಲ್‌ಬಾಕ್ಸ್ ನೋಟಿಸಿನಲ್ಲಿ ಏನಿರಬೇಕು: ಗೃಹಮಾಲೀಕರ ಸಂಘದ ಅಧ್ಯಕ್ಷರಿಗೊಂದು ಬಹಿರಂಗ ಪತ್ರ

ಅಮೆರಿಕದ ಉಪನಗರ ಬಡಾವಣೆಯೊಂದರ ಗೃಹಮಾಲೀಕರ ಸಂಘದ ಅಧ್ಯಕ್ಷರಿಗೆ,



ಅಮೆರಿಕದ ಬಡಾವಣೆಗಳಲ್ಲಿ ರಸ್ತೆಯಂಚಿಗೆ ನೆಟ್ಟ ಮೇಲ್‌ಬಾಕ್ಸ್ ಸಾಮಾನ್ಯವಾಗಿ ಮನೆಯವರ ಸ್ವತ್ತು. ಕೊಳ್ಳುವ, ನೆಡುವ, ದುರಸ್ತಿ ಮಾಡಿಸುವ ಖರ್ಚೆಲ್ಲ ಅವರದೇ. ಆದರೆ ಅದರ ಮೇಲೆ ಅಧಿಕಾರ ನಡೆಸುವವರು ಮೂವರು. ಎತ್ತರ, ಅಂತರ, ಬಾಗಿಲು, ಬಾವುಟದ ವಿಷಯ ಅಂಚೆ ಸೇವೆಗೆ ಸೇರಿದ್ದು. ಕಂಬ ಬಹುತೇಕ ಸಾರ್ವಜನಿಕ ರಸ್ತೆಯ ಎಲ್ಲೆಯೊಳಗೇ ನಿಲ್ಲುವುದರಿಂದ ಅದು ಎಷ್ಟು ಗಟ್ಟಿ ಇರಬೇಕೆಂದು ಹೇಳುವುದು ರಸ್ತೆ ಇಲಾಖೆ. ಬಣ್ಣ, ಮಾದರಿ, ಅಂಕಿಗಳ ಅಂದ ಇಷ್ಟು ಸಂಘದ ಪಾಲು. ‘ಮೇಲ್‌ಬಾಕ್ಸ್ ನಿಯಮಕ್ಕೆ ತಕ್ಕಂತಿಲ್ಲ, ಸರಿಪಡಿಸಿ’ ಎಂಬ ಒಂದು ಸಾಲಿನ ನೋಟಿಸಿನಿಂದ ಈ ಮೂರರಲ್ಲಿ ಯಾವುದು ತಪ್ಪಿದೆಯೆಂದು ತಿಳಿಯುವುದಿಲ್ಲ. ತಿಳಿಯದವರು ಒಂದು ತಿರುಪು ಬಿಗಿಯುವ ಕೆಲಸಕ್ಕೆ ಹೊಸ ಡಬ್ಬಿಯನ್ನೇ ತರುತ್ತಾರೆ; ಇಲ್ಲವೇ ಕಂಬವೇ ಕೊಳೆತಿರುವಾಗ ಡಬ್ಬಿಗೆ ಬಣ್ಣ ಬಳಿದು ಸುಮ್ಮನಾಗುತ್ತಾರೆ. ಮನೆಬಾಗಿಲಿಗೇ ಪೋಸ್ಟ್‌ಮ್ಯಾನ್ ಬರುವ ಕರ್ನಾಟಕದ ಊರುಗಳಿಂದ ಹೋಗಿ ಅಲ್ಲಿ ನೆಲೆಸಿದ ಕುಟುಂಬಗಳಿಗಂತೂ ಇಂಥ ನೋಟಿಸು ಒಗಟೇ.

ಅಳತೆಗೊಂದು ಹಿನ್ನೆಲೆಯಿದೆ. ಹಳ್ಳಿಮನೆಗಳಿಗೆ ಉಚಿತವಾಗಿ ಟಪಾಲು ತಲುಪಿಸುವ ವ್ಯವಸ್ಥೆ 1896ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಆರಂಭವಾದಾಗ ಜನ ಖಾಲಿ ಬಕೆಟ್ಟು, ಸೋಪಿನ ಪೆಟ್ಟಿಗೆ, ಕೈಗೆ ಸಿಕ್ಕಿದ್ದನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. 1915ರಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ರಾಯ್ ಜೋರೊಲ್ಮನ್ ಕಮಾನು ಬೆನ್ನಿನ ತಗಡಿನ ಡಬ್ಬಿಯನ್ನು ರೂಪಿಸಿದರು. ಇಂದಿಗೂ ಬಡಾವಣೆಗಳಲ್ಲಿ ಹೆಚ್ಚಾಗಿ ಕಾಣುವುದು ಅದರ ವಂಶವೇ.

ಈಗಿನ ನಿಯಮದಂತೆ ಡಬ್ಬಿಯ ತಳ ರಸ್ತೆಯ ಮಟ್ಟದಿಂದ 41ರಿಂದ 45 ಇಂಚು ಮೇಲಿರಬೇಕು. ಬಾಗಿಲು ರಸ್ತೆಯಂಚಿನಿಂದ 6ರಿಂದ 8 ಇಂಚು ಒಳಗಿರಬೇಕು. ಅಂಚೆಯವರು ವಾಹನದಿಂದ ಇಳಿಯದೆ ಕೈಚಾಚಿ ಪತ್ರ ಹಾಕುವ ಅಳತೆ ಇದು. ಮನೆ ಸಂಖ್ಯೆಯ ಅಂಕಿಗಳು ಕನಿಷ್ಠ 1 ಇಂಚು ಎತ್ತರ, ಬಾವುಟ ಬಲಬದಿಗೆ. ಅಂಗಡಿಯ ಡಬ್ಬಿಗೆ ಪೋಸ್ಟ್‌ಮಾಸ್ಟರ್ ಜನರಲ್ ಅನುಮೋದನೆಯ ಮುದ್ರೆ ಇರಬೇಕು; ಸ್ವಂತವಾಗಿ ಮಾಡಿಸಿದ್ದನ್ನು ಸ್ಥಳೀಯ ಪೋಸ್ಟ್‌ಮಾಸ್ಟರ್ ಒಪ್ಪಬೇಕು. ಬೀಗದ ಡಬ್ಬಿಯಾದರೆ ಪತ್ರ ತೂರುವಷ್ಟು ಕಿಂಡಿ ಬೇಕು, ಏಕೆಂದರೆ ಮನೆಯವರ ಕೀಲಿಯನ್ನು ಅಂಚೆಯವರು ಇಟ್ಟುಕೊಳ್ಳುವುದಿಲ್ಲ. ಸಂಘ ಎಷ್ಟೇ ಚಂದದ ಮಾದರಿಯನ್ನು ಗೊತ್ತುಮಾಡಲಿ, ಅದು ಈ ಅಳತೆಗಳ ಒಳಗೇ ಇರಬೇಕಾಗುತ್ತದೆ.

ಕಂಬದ ವಿಷಯದಲ್ಲಿ ಸಂಘಗಳ ಅಭಿರುಚಿ ರಸ್ತೆಯ ಸುರಕ್ಷತೆಗೆ ಎದುರಾಗುವುದುಂಟು. 4 ಇಂಚು ಚೌಕದ ಮರ ಅಥವಾ 2 ಇಂಚು ವ್ಯಾಸದ ಕೊಳವೆ, ನೆಲದೊಳಗೆ 24 ಇಂಚಿಗಿಂತ ಹೆಚ್ಚು ಆಳವಿಲ್ಲದಂತೆ, ಎಂಬುದು ಶಿಫಾರಸು. ವಾಹನ ಗುದ್ದಿದರೆ ಕಂಬ ಬಾಗಬೇಕು, ವಾಹನದಲ್ಲಿದ್ದವರು ಉಳಿಯಬೇಕು. ಇಟ್ಟಿಗೆಯ ಕಟ್ಟೆಯೋ ಕಾಂಕ್ರೀಟ್ ಕಂಬವೋ ಶ್ರೀಮಂತವಾಗಿ ಕಂಡರೂ ಇಲ್ಲಿ ಸಲ್ಲದು. ಹೊಸ ಗುಂಡಿ ತೋಡುವ ಮುನ್ನ 811ಕ್ಕೆ ಕರೆಮಾಡಿ ನೆಲದಡಿಯ ಗ್ಯಾಸ್, ವಿದ್ಯುತ್ ಮಾರ್ಗಗಳನ್ನು ಗುರುತು ಹಾಕಿಸಬೇಕೆಂಬ ಸಾಲೂ ನೋಟಿಸಿನಲ್ಲಿದ್ದರೆ ಒಳ್ಳೆಯದು.

ಕಣ್ಣಿಗೆ ಬೀಳುವ ದೋಷಗಳಲ್ಲಿ ಬಹುಪಾಲು ದುರಸ್ತಿಗೆ ಬಗ್ಗುವಂಥವು. ಸಡಿಲಗೊಂಡ ಬಾಗಿಲಿಗೆ ಹೊಸ ಕೀಲು, ಮುರಿದ ಬಾವುಟಕ್ಕೆ ಬಿಡಿಭಾಗ, ಮಾಸಿದ ಅಂಕಿಗಳಿಗೆ ಹೊಸ ಅಂಕಿ ಸಾಕು. ಮೇಲ್ಮೈ ತುಕ್ಕನ್ನು ಉಜ್ಜಿ, ಪ್ರೈಮರ್ ಹಚ್ಚಿ, ಹೊರಾಂಗಣದ ಬಣ್ಣ ಬಳಿಯಬಹುದು. ತಗಡು ತೂತುಬಿದ್ದು ಮಳೆನೀರು ಒಳಗೆ ಇಳಿದರೆ, ಬಾಗಿಲು ಮುಚ್ಚಿ ನಿಲ್ಲದಷ್ಟು ಡಬ್ಬಿ ನೆಗ್ಗಿದ್ದರೆ, ಬದಲಿಸುವುದೇ ಸರಿ. ಮರದ ಕಂಬ ಕೊಳೆಯುವುದು ಹೆಚ್ಚಾಗಿ ನೆಲಮಟ್ಟದಲ್ಲಿ, ಮಣ್ಣಿನ ತೇವವೂ ಗಾಳಿಯೂ ಸೇರುವಲ್ಲಿ. ಮೇಲೆ ಎಷ್ಟು ಬಣ್ಣ ಬಳಿದರೂ ಅದು ವಾಲದೆ ಇರದು. ಕಂಬ ಕೆಟ್ಟಿದ್ದಕ್ಕೆ ಡಬ್ಬಿಯನ್ನೂ ಬದಲಿಸಿ ಎನ್ನುವುದು ಮಾತ್ರ ಅನ್ಯಾಯ.

ಬಡಾವಣೆ ಕಟ್ಟಿದವರು ಆರಿಸಿದ ಮಾದರಿಯ ತಯಾರಿಕೆಯೇ ನಿಂತುಹೋದಾಗ ತೊಡಕು ಹೆಚ್ಚುತ್ತದೆ. ಆಗಲೂ ಸಂಘದ ಪುಸ್ತಕದಲ್ಲಿ ಹಳೆಯ ಹೆಸರೇ ಇದ್ದರೆ ನಿಯಮ ಪಾಲಿಸಹೊರಟವರಿಗೂ ದಾರಿಯಿಲ್ಲ. ಬಣ್ಣ, ಗಾತ್ರ, ಆಕಾರವನ್ನು ವಿವರಿಸಿ, ಅದಕ್ಕೆ ಹೊಂದುವ ಯಾವ ತಯಾರಕರ ಡಬ್ಬಿಯಾದರೂ ಆದೀತು ಎಂದು ಸಂಘದ ಆಡಳಿತ ಮಂಡಳಿ ಬರೆದಿಟ್ಟರೆ ಒಬ್ಬನೇ ಮಾರಾಟಗಾರನ ಬೆಲೆಗೆ ಎಲ್ಲರೂ ತಲೆಬಾಗಬೇಕಾಗಿಲ್ಲ.

ನೋಟಿಸು ತಲುಪಿಸುವ ಬಗೆಯಲ್ಲೂ ಎಚ್ಚರ ಬೇಕು. ಅಂಚೆಚೀಟಿ ಹಚ್ಚದ ಕಾಗದವನ್ನು ಮೇಲ್‌ಬಾಕ್ಸಿಗೆ ಹಾಕುವುದನ್ನು 1934ರ ಕಾನೂನು ತಡೆಯುತ್ತದೆ. ನ್ಯೂಯಾರ್ಕ್ ರಾಜ್ಯದ ಗ್ರೀನ್‌ಬರ್ಗ್‌ನ ನಾಗರಿಕ ಸಂಘಗಳು ಇದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನವರೆಗೆ ಹೋದವು. 1981ರಲ್ಲಿ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಮೇಲ್‌ಬಾಕ್ಸ್ ಸರಿಯಿಲ್ಲವೆಂಬ ಚೀಟಿಯನ್ನು ಅದೇ ಮೇಲ್‌ಬಾಕ್ಸಿನೊಳಗೆ ತುರುಕುವ ಮಂಡಳಿ, ಹೀಗಾಗಿ, ತಾನೇ ನಿಯಮ ಮುರಿದಂತಾಗುತ್ತದೆ.

ದಂಡದ ಕ್ರಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಫ್ಲೋರಿಡಾದಲ್ಲಿ 14 ದಿನ ಮೊದಲೇ ಲಿಖಿತ ನೋಟಿಸು ಕೊಟ್ಟು, ಮಂಡಳಿಗೆ ಸೇರದ ಕನಿಷ್ಠ 3 ಸದಸ್ಯರ ಸಮಿತಿಯ ಮುಂದೆ ವಿಚಾರಣೆಗೆ ಅವಕಾಶ ಕೊಡಬೇಕು. ದೋಷವೇನು, ಸರಿಪಡಿಸಲು ಏನು ಮಾಡಬೇಕು ಎಂಬುದೂ ನೋಟಿಸಿನಲ್ಲಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಬದಲಾವಣೆಯ ಅರ್ಜಿಯನ್ನು ತಿರಸ್ಕರಿಸುವ ಸಂಘ ಕಾರಣವನ್ನು ಬರೆದು ಕೊಡಬೇಕು. ಇಂಥ ಕಾನೂನಿಲ್ಲದ ರಾಜ್ಯದ ಮಂಡಳಿಯೂ ಈ ಪದ್ಧತಿ ಹಿಡಿಯುವುದಕ್ಕೆ ಅಡ್ಡಿಯೇನಿಲ್ಲ. ನೋಟಿಸಿನಲ್ಲಿ ದೋಷದ ಫೋಟೊ, ಮುರಿದ ನಿಯಮದ ಸಂಖ್ಯೆ, ದುರಸ್ತಿ ಸಾಕೇ ಬದಲಿಯೇ ಬೇಕೇ ಎಂಬ ನಿರ್ಧಾರ, ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟುವ ಊರುಗಳಲ್ಲಾದರೆ ವಸಂತದವರೆಗಿನ ಗಡುವು ಇಷ್ಟಿದ್ದರೆ ಒಂದು ಪುಟ ಸಾಕಾಗುತ್ತದೆ.