ಗೋಡೆ ಒಣಗುವ ಮೊದಲೇ ಪೇಂಟರ್ ಬಂದರೆ

ಮುಂಗಾರು ಹತ್ತಿರವಾದಂತೆ ಬೆಂಗಳೂರಿನ ಜಯನಗರ, ಮಲ್ಲೇಶ್ವರದಂಥ ಹಳೆ ಬಡಾವಣೆಗಳಲ್ಲಿ ಮನೆ ಮುಂದೆ ಮರಳು, ಟೈಲ್ಸ್ ಪೆಟ್ಟಿಗೆ, ಪೇಂಟ್ ಡಬ್ಬ ಒಟ್ಟೊಟ್ಟಿಗೇ ಬಂದು ಬೀಳುತ್ತವೆ. ತಾರಸಿ ಸೋರುತ್ತದೆ, ಬಚ್ಚಲಿನ ಪೈಪು ಒಡೆದಿದೆ, ವೈರಿಂಗ್ ಹಳತಾಗಿದೆ; ಹೇಗೂ ಗೋಡೆ ಒಡೆಯುವುದಾದರೆ ಎಲ್ಲವೂ ಒಮ್ಮೆಗೇ ಮುಗಿಯಲಿ ಎಂಬ ಲೆಕ್ಕಾಚಾರ ಸಹಜ. ಕೆಲಸ ಕೆಡುವುದು ಒಬ್ಬರು ಮುಗಿಸಿ ಇನ್ನೊಬ್ಬರು ಕೈಹಚ್ಚುವ ನಡುವೆ. ಗೋಡೆ ಕೊರೆದು ವೈರಿನ ಪೈಪು ಕೂರಿಸುವುದು ಗಾರೆಗೆ ಮೊದಲೇ ಆಗಬೇಕು. ಗಾರೆಗೆ ಒಂದು ವಾರವಾದರೂ ನೀರು ಹೊಡೆಯಬೇಕು, ಆಮೇಲೆ ಅದು ಪೂರ್ತಿ ಒಣಗಬೇಕು. ಅವಸರಪಟ್ಟು ಪುಟ್ಟಿ ಬಳಿದರೆ ಬಣ್ಣ ಉಬ್ಬಿ ಹಕ್ಕಳೆ ಏಳುತ್ತದೆ. ಬಚ್ಚಲಿಗೆ ವಾಟರ್‌ಪ್ರೂಫಿಂಗ್ ಆದ ಮೇಲೆ, ಟೈಲ್ಸ್ ಹಾಸುವ ಮುನ್ನ, ಕನಿಷ್ಠ 24 ಗಂಟೆ ನೀರು ಕಟ್ಟಿ ನಿಲ್ಲಿಸಿ ಕೆಳಮನೆಯ ಸೀಲಿಂಗ್ ನೋಡಬೇಕು. ದಿನಗೂಲಿಗೆ ಬಂದವರಿಗೆ ಅದು ಕೂಲಿಯಿಲ್ಲದ ದಿನ. ಮನೆಯವರು ಇದನ್ನು ಮರೆಯಬಾರದು. ಹೊಸ ಫ್ಲ್ಯಾಟ್ ಕೊಂಡವರಿಗೆ 2016ರ ರೇರಾ ಕಾಯ್ದೆಯ ಬಲವಿದೆ: ಸ್ವಾಧೀನ ಪಡೆದ 5 ವರ್ಷದೊಳಗೆ ಕಟ್ಟಡದ ದೋಷ ತೋರಿಸಿದರೆ ಬಿಲ್ಡರ್ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ರಿಪೇರಿ ಮನೆಯಲ್ಲಿ ಹಾಗೆ ಹೊಣೆ ಹೊರುವವರು ಯಾರೂ ಇಲ್ಲ. ಸೋರಿದರೆ ಪ್ಲಂಬರ್ ಗಾರೆಯವರತ್ತ, ಗಾರೆಯವರು ಟೈಲ್ಸ್‌ನವರತ್ತ ಕೈ ತೋರಿಸುತ್ತಾರೆ, ಎಷ್ಟೋ ಸಲ ಪ್ರಾಮಾಣಿಕವಾಗಿಯೇ. ಹಿಂದೆ ಈ ಸರದಿಯನ್ನೆಲ್ಲ ಮೇಸ್ತ್ರಿಯೊಬ್ಬರು ತಲೆಯಲ್ಲಿಟ್ಟುಕೊಂಡಿರುತ್ತಿದ್ದರು. ಆಪ್‌ನಲ್ಲಿ ಒಬ್ಬೊಬ್ಬರನ್ನೇ ಕರೆಸುವ ಮನೆಗಳು ಆ ಮೇಸ್ತ್ರಿಯ ಕೂಲಿಯನ್ನು ಉಳಿಸಲು ಹೋಗದೆ, ಎಲ್ಲ ಕೆಲಸವನ್ನೂ ಒಬ್ಬರಿಗೇ ಒಪ್ಪಿಸಿ, ಕೊನೆಯ ಕಂತನ್ನು ಮೊದಲ ಜೋರು ಮಳೆ ಸುರಿದ ಮೇಲೆ ಕೊಡುವುದಾಗಿ ಆರಂಭದಲ್ಲೇ ಬರೆದುಕೊಳ್ಳುವುದು ಲೇಸು.